ಪಾಯಿಂಟ್ ಲೋಮಾ: ಮೇಲೊಂದು ದೀಪ, ಕೆಳಗೆ ಕಡಲ ಹೊಂಡ

ದೀಪ ಎತ್ತರದಲ್ಲಿದ್ದಷ್ಟೂ ದೂರಕ್ಕೆ ಕಾಣುತ್ತದೆ ಎಂಬ ಲೆಕ್ಕ ಸ್ಯಾನ್ ಡಿಯಾಗೋದಲ್ಲಿ ತಲೆಕೆಳಗಾಯಿತು. ಕ್ಯಾಲಿಫೋರ್ನಿಯಾದ ಈ ಬಂದರಿಗೆ ಅಡ್ಡಲಾಗಿ ಚಾಚಿರುವ ಪಾಯಿಂಟ್ ಲೋಮಾ ದಿಬ್ಬದ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ 422 ಅಡಿ ಮೇಲೆ, 1855ರ ನವೆಂಬರ್ 15ರಂದು ದೀಪಸ್ತಂಭ ಬೆಳಗಿತು. ಆದರೆ ಮಂಜು, ತಗ್ಗಿನ ಮೋಡ ಕವಿದರೆ ದೀಪ ಮೋಡದ ಮೇಲೆ, ಹಡಗು ಮೋಡದ ಕೆಳಗೆ! ಅಂಥ ಹೊತ್ತಿನಲ್ಲಿ ಪಾಲಕ ರಾಬರ್ಟ್ ಇಸ್ರೇಲ್ ಬಂದೂಕು ಹಾರಿಸಿ ಹಡಗುಗಳನ್ನು ಎಚ್ಚರಿಸುತ್ತಿದ್ದನಂತೆ. 1891ರ ಮಾರ್ಚ್ 23ರಂದು ಆ ದೀಪ ಆರಿತು. ನೀರಿನಂಚಿಗೆ ಹತ್ತಿರದಲ್ಲಿ ಹೊಸ ದೀಪ ಎದ್ದಿತು.

ಇಸ್ರೇಲನ ಹೆಂಡತಿ ಮರಿಯಾ ಕೆಲಕಾಲ ಸಹಾಯಕ ಪಾಲಕಿಯೂ ಆಗಿದ್ದಳು. ಬಿಡುವಿನಲ್ಲಿ ಆಕೆ ಕಡಲಚಿಪ್ಪುಗಳನ್ನು ಜೋಡಿಸಿ ಚೌಕಟ್ಟು ಕಟ್ಟುತ್ತಿದ್ದಳು.

ದಡದ ಚಿಪ್ಪಿನ ನಂಟು ಅದಕ್ಕಿಂತ ಬಹಳ ಹಳೆಯದು. ಇಲ್ಲಿನ ಮೂಲನಿವಾಸಿಗಳಾದ ಕುಮೆಯಾಯ್ ಜನರಿಗೆ ಈ ಬಂಡೆಗಳ ಚಿಪ್ಪುಜೀವಿಗಳು ಆಹಾರವಾಗಿದ್ದವು. 1542ರ ಸೆಪ್ಟೆಂಬರ್ 28ರಂದು ಸ್ಪೇನಿನ ಪರವಾಗಿ ಬಂದ ಹುವಾನ್ ರೊಡ್ರಿಗೆಸ್ ಕಬ್ರಿಯೊ ಈ ಕೊಲ್ಲಿಯಲ್ಲಿ ಲಂಗರು ಹಾಕಿ, ಅದಕ್ಕೆ ಸ್ಯಾನ್ ಮಿಗೆಲ್ ಎಂದು ಹೆಸರಿಟ್ಟ. ಆ ಹೆಸರು ಉಳಿಯಲಿಲ್ಲ. 1602ರಲ್ಲಿ ಬಂದ ಸ್ಪೇನಿನ ಮತ್ತೊಬ್ಬ ಅನ್ವೇಷಕ ವಿಸ್ಕಾಯಿನೊ ಅದನ್ನು ಸ್ಯಾನ್ ಡಿಯಾಗೋ ಎಂದ. ಆದರೆ 1913ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ದಿಬ್ಬದ ಅರ್ಧ ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ್ದು ಕಬ್ರಿಯೊ ಹೆಸರಿನಲ್ಲೇ. ದಿಬ್ಬದ ತುದಿ 1852ರಿಂದಲೇ ಸೇನೆಗೆ ಮೀಸಲಾಗಿತ್ತು. ಹಾಗಾಗಿ ಊರು ಬೆಳೆದರೂ ಮನೆಗಳು ಇಲ್ಲಿಗೆ ಏರಿಬರಲಿಲ್ಲ.

ಮುಂದೆ ವಿಸ್ತಾರಗೊಂಡ ಈ ಸ್ಮಾರಕದ ಪಶ್ಚಿಮ ಅಂಚಿನಲ್ಲಿ, ಇಳಿತದ ವೇಳೆ ಬಂಡೆಗಳ ಸಂದಿಗಳಲ್ಲಿ ಹೊಂಡಗಳು ತೆರೆದುಕೊಳ್ಳುತ್ತವೆ. ಚಳಿಗಾಲದಲ್ಲಿ ದೊಡ್ಡ ಇಳಿತ ಹಗಲಲ್ಲೇ ಬರುವುದರಿಂದ ನೋಡಲು ಅದೇ ಸುಸಮಯ. ಜಲ್ಲಿಯ ಹರಹು ಎಂದುಕೊಂಡದ್ದು ಹಲವೊಮ್ಮೆ ಅನಿಮೋನ್ ಎಂಬ ಕಡಲಜೀವಿಗಳ ಗುಂಪಾಗಿರುತ್ತದೆ. ನೀರು ಸರಿದಾಗ ಅವು ಮುದುಡಿಕೊಂಡು, ಮೈಗೆ ಅಂಟಿಸಿಕೊಂಡ ಮರಳು, ಚಿಪ್ಪಿನ ಚೂರುಗಳ ಮರೆಯಲ್ಲಿ ತೇವ ಕಾಪಾಡಿಕೊಳ್ಳುತ್ತವೆ.

ಪಕ್ಕದ ಬಂಡೆಯಲ್ಲಿ ಗೂಬೆ ಲಿಂಪೆಟ್ ಎಂಬ ಚಿಪ್ಪುಹುಳುವಿನ ಬೇಸಾಯ. ಸುಮಾರು ಒಂದು ಚದರಡಿ ಜಾಗದಲ್ಲಿ ಪಾಚಿಯ ತೆಳು ಪದರ ಬೆಳೆಸಿಕೊಂಡು ಮೇಯುತ್ತದೆ. ಒಳಬಂದವರನ್ನು ಚಿಪ್ಪಿನಂಚಿನಿಂದ ನೂಕುತ್ತದೆ. ಇದು ಗಂಡಾಗಿ ಬಾಳು ಶುರುಮಾಡಿ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಜನ ಕೀಳುವುದು ದೊಡ್ಡದನ್ನೇ ಆದ್ದರಿಂದ ಮೊದಲು ಕುಗ್ಗುವುದು ಹೆಣ್ಣುಗಳ ಸಂಖ್ಯೆ.

1990ರಿಂದ ಇಲ್ಲಿ ವರ್ಷಕ್ಕೆರಡು ಬಾರಿ, ವಸಂತ ಮತ್ತು ಶರತ್ಕಾಲದಲ್ಲಿ, ಗುರುತಿಟ್ಟ ಜಾಗಗಳಲ್ಲೇ ಜೀವಿಗಳ ಎಣಿಕೆ ನಡೆಯುತ್ತಿದೆ. ದಡವನ್ನು ಮೂರು ವಲಯಗಳಾಗಿ ವಿಂಗಡಿಸಿ, 1996ರಿಂದ ಮೂರನೆಯದಕ್ಕೆ ಜನರ ಪ್ರವೇಶ ನಿಲ್ಲಿಸಲಾಗಿದೆ. ಕಾಲ್ತುಳಿತವನ್ನು ಬೇಲಿ ತಡೆದೀತು, ರೋಗವನ್ನಲ್ಲ: 2013ರಲ್ಲಿ ಪೆಸಿಫಿಕ್ ಕರಾವಳಿಯುದ್ದಕ್ಕೂ ಹಬ್ಬಿದ ಕರಗುರೋಗ ಇಲ್ಲಿನ ನಕ್ಷತ್ರಮೀನುಗಳನ್ನೂ ಬಿಡಲಿಲ್ಲ.

ಮರಿಯಾಳ ಹವ್ಯಾಸಕ್ಕೆ ಈಗ ಇಲ್ಲಿ ಅವಕಾಶವಿಲ್ಲ. ಖಾಲಿ ಚಿಪ್ಪನ್ನೂ ಒಯ್ಯುವಂತಿಲ್ಲ. ಸನ್ಯಾಸಿ ಏಡಿ ಮನೆ ಬದಲಿಸುವಾಗ ಹುಡುಕುವುದು ಅದನ್ನೇ.