‘ಬಿಟ್ಟಿ’ ಯಾರದು?

ಸಂಸ್ಕೃತದ ‘ವಿಷ್ಟಿ’ಯಿಂದ ತದ್ಭವವಾಗಿ ಬಂದ ‘ಬಿಟ್ಟಿ’ಗೆ ಹಳೆಯ ಶಾಸನಗಳಲ್ಲಿದ್ದ ಅರ್ಥ, ಪ್ರಜೆಗಳು ಪ್ರಭುವಿಗೆ ಕೂಲಿಯಿಲ್ಲದೆ ಮಾಡಿಕೊಡಲೇಬೇಕಾದ ದುಡಿಮೆ ಎಂಬುದು, ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವುದೂ ಇಂಥ ಬಿಟ್ಟಿ ಚಾಕರಿಯನ್ನೇ. ಬರಬರುತ್ತ ಆಡುಮಾತಿನಲ್ಲಿ ಇದಕ್ಕೆ ಪುಕ್ಕಟೆ ಎಂಬ ಅರ್ಥ ಕೂಡಿಕೊಂಡು, ಕೂಲಿ ಕೊಡದೆ ದುಡಿಸಿಕೊಂಡವರಿಗೆ ತಟ್ಟಬೇಕಾಗಿದ್ದ ಕಳಂಕ ಬೆಲೆ ತೆರದೆ ಪಡೆದವರಿಗೆ ಅಂಟಿಕೊಂಡಿತು.

2013ರ ಅನ್ನಭಾಗ್ಯ ಪಡಿತರ ಯೋಜನೆಯ ತರುವಾಯ, ಅದಕ್ಕಿಂತ ಹೆಚ್ಚಾಗಿ 2023ರಲ್ಲಿ ಕಾಂಗ್ರೆಸ್ ಸರ್ಕಾರ ತಂದ ಐದು ಗ್ಯಾರಂಟಿ ಯೋಜನೆಗಳ ತರುವಾಯ, ‘ಬಿಟ್ಟಿ ಭಾಗ್ಯ’ ಎಂಬ ಜೋಡುನುಡಿ ಕರ್ನಾಟಕದಲ್ಲಿ ಆಡಿದವರ ರಾಜಕೀಯ ನಿಲುವಿನ ಗುರುತೇ ಆಗಿಬಿಟ್ಟಿದೆ. ಕೊಡುವ ವಸ್ತುವಿಗಿಂತ ಕೊಡುವ ಪಕ್ಷವೇ ಇಲ್ಲಿ ಹೆಸರನ್ನು ನಿರ್ಧರಿಸುತ್ತದೆ: ಗ್ಯಾರಂಟಿಗಳನ್ನು ಬಿಟ್ಟಿಯೆಂದು ಹಳಿದ ಬಿಜೆಪಿಯೇ 2023ರ ಪ್ರಣಾಳಿಕೆಯಲ್ಲಿ ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್ ಮತ್ತು ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಕೊಡುವುದಾಗಿ ಹೇಳಿತ್ತು, ರೈತರ ಖಾತೆಗೆ ಕೇಂದ್ರ ಸರ್ಕಾರ ವರ್ಷಕ್ಕೆ ಹಾಕುವ 6,000 ರೂಪಾಯಿಯ ಹೆಸರಿನಲ್ಲಿ ‘ಸಮ್ಮಾನ’ವಿದೆ. 2019ರಲ್ಲಿ ಕಂಪನಿಗಳ ಮೂಲ ತೆರಿಗೆ ದರ ಶೇ. 30ರಿಂದ 22ಕ್ಕೆ ಇಳಿದಾಗಲಂತೂ ಅದು ‘ಉತ್ತೇಜನ’ವೆನಿಸಿಕೊಂಡಿತು. ಬಡವರ ಪಾಲಿಗೆ ಮಾತ್ರ ಈ ಮರ್ಯಾದೆಯ ಹೆಸರುಗಳು ಸುಲಭವಾಗಿ ಒದಗುವುದಿಲ್ಲ. ಸೋಪು ಕೊಂಡಾಗಲೆಲ್ಲ ಪರೋಕ್ಷ ತೆರಿಗೆಯನ್ನು, ಎಂದರೆ ವಸ್ತುವಿನ ಬೆಲೆಯೊಳಗೇ ಅಡಗಿ ಎಲ್ಲರಿಂದಲೂ ವಸೂಲಾಗುವ ತೆರಿಗೆಯನ್ನು, ಅವರೂ ಕಟ್ಟುತ್ತಿದ್ದರೂ ‘ತೆರಿಗೆದಾರ’ ಎಂಬ ಗೌರವ ಆದಾಯ ತೆರಿಗೆ ಕಟ್ಟುವವರಿಗೇ ಮೀಸಲಾಗಿದೆ.

ಮಹಿಳೆಯರಿಗೆ ಉಚಿತ ಪ್ರಯಾಣ ಒದಗಿಸುವ ಶಕ್ತಿ ಯೋಜನೆಯ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸಿದ ಮಹಿಳೆಗೆ ಕಂಡಕ್ಟರ್ ‘ಶೂನ್ಯ ಟಿಕೆಟ್’ ಹರಿದುಕೊಡುತ್ತಾರೆ. ಕೆಲಸಕ್ಕೆ ಹೊರಟ ಆಕೆ ಅಷ್ಟರೊಳಗೆ ನೀರು ಹಿಡಿದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಅಣಿಗೊಳಿಸಿ ಬಂದಿರುತ್ತಾಳೆ. ಯಾರೂ ಕೂಲಿ ಕೊಡದ ಈ ದುಡಿಮೆಯೇ ಶಾಸನಗಳ ಅರ್ಥಕ್ಕೆ ಹತ್ತಿರವಾದ ಬಿಟ್ಟಿಯಾಗಿರುವಾಗ, ಇನ್ನೊಂದು ಗ್ಯಾರಂಟಿಯಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡೆಯುವ ಯಜಮಾನಿಯನ್ನು ಬಿಟ್ಟಿ ತಿನ್ನುವವಳೆನ್ನುವುದು ಅನ್ಯಾಯದ ಮಾತು.

ಹಾಗೆಂದು ಖರ್ಚಿನ ಪ್ರಶ್ನೆ ಹುರುಳಿಲ್ಲದ್ದೇನಲ್ಲ. ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡಬೇಕು. ಅದು ಬಾಕಿ ಉಳಿದರೆ ಬಸ್ಸಿನ ದುರಸ್ತಿಗೂ ನೌಕರರ ಭವಿಷ್ಯನಿಧಿಗೂ ಕೊರತೆ ಬೀಳುತ್ತದೆ. ಗ್ಯಾರಂಟಿಯನ್ನು ಹೊಗಳುವ ಬೆಂಬಲಿಗರು ಈ ಬಾಕಿಯ ಲೆಕ್ಕ ಕೇಳುವುದು ಅಪರೂಪ, ಬಿಟ್ಟಿಯೆಂದು ಜರೆಯುವವರಿಗೆ ಆ ಒಂದು ಪದವೇ ಸಾಕೆನಿಸುವುದರಿಂದ ಬಜೆಟ್ಟಿನ ಪುಟ ತೆರೆದು ನೋಡುವಷ್ಟು ದೂರ ಅವರ ವಾದವೂ ಹೋಗುವುದಿಲ್ಲ.