ಕೊಟ್ಟಾರವೂ ಚೌಕಿಯೂ

ಮಂಗಳೂರು ನಗರದ ಬಡಗು ಭಾಗದಲ್ಲಿ, ಹೆದ್ದಾರಿಯು ಕೂಳೂರಿನ ಸೇತುವೆಯತ್ತ ಸಾಗುವ ಮುನ್ನ ಹಾದುಹೋಗುವ ಕೊಟ್ಟಾರವೆಂಬ ಎಡೆಯ ಹೆಸರನ್ನು ಬಸ್ಸಿನ ನಿರ್ವಾಹಕರು ದಿನವಿಡೀ ಕೂಗುತ್ತಾರಾದರೂ, ಆ ಹೆಸರಿನೊಳಗೆ ನೆಲೆಸಿರುವ ಅರ್ಥವನ್ನು ಕ್ಷಣಕಾಲ ನಿಂತು ಆಲಿಸುವವರು ವಿರಳ. ಸಂಸ್ಕೃತದ ಕೋಷ್ಠಾಗಾರವು ಕನ್ನಡದ ನಾಲಗೆಯಲ್ಲಿ ನಯಗೊಂಡು ಕೊಟ್ಟಾರವಾಯಿತು. ಉಗ್ರಾಣ, ಕಣಜ, ಬೆಳೆದುದನ್ನು ಕೂಡಿಡುವ ಮನೆ ಎಂದು ಅದರ ಅರ್ಥ. ಅಲ್ಲಿ ದಾರಿಗಳು ಕೂಡುವ ಎಡೆಗೆ ಕೊಟ್ಟಾರ ಚೌಕಿಯೆಂದು ಹೆಸರು. ಚೌಕಿಯೆಂದರೆ ಕಾವಲಿನ ತಾಣ, ಬರುವುದನ್ನೂ ಹೋಗುವುದನ್ನೂ ಕಣ್ಣಿಟ್ಟು ನೋಡುವ ಕಟ್ಟೆ. ಇದೇ ಕೊಟ್ಟಾರದಲ್ಲಿ ಇಂದು ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತಿನ ಕಚೇರಿಯಿದೆ. ಜಿಲ್ಲೆಯ ಹಟ್ಟಿಗಳಲ್ಲಿ ದನಕರುಗಳಿಗೆ ಕಾಲುಬಾಯಿ ಜ್ವರ ಬಂದರೂ, ಕಾಡಂಚಿನ ಊರಿನಲ್ಲಿ ಮಂಗವೊಂದು ಸತ್ತುಬಿದ್ದರೂ ಅದರ ವಾರ್ತೆ ತಲಪಬೇಕಾದ ಎಡೆಗಳಲ್ಲಿ ಅದೂ ಒಂದು. ಕೂಡಿಡುವುದು ಮತ್ತು ಕಾಯುವುದು ಎಂಬ ಈ ಎರಡು ಧರ್ಮಗಳನ್ನು ನಮ್ಮ ಸೀಮೆಯು ಪಶುವ್ಯಾಧಿಯ ವಿಷಯದಲ್ಲಿ ಹೇಗೆ ನಡೆಸಿಕೊಂಡು ಬಂದಿತೆಂಬ ಚರಿತ್ರೆಯನ್ನು ಬರೆಯಹೊರಟವನಿಗೆ ಇದಕ್ಕಿಂತ ಒಪ್ಪುವ ಹೊಸ್ತಿಲು ಬೇರೊಂದಿಲ್ಲ.

ತುಳುನಾಡಿನಲ್ಲಿ ಈ ಚರಿತ್ರೆಯ ಆದಿಭಾಗವು ಕಾಗದದ ಮೇಲಲ್ಲ, ಆಟಿ ತಿಂಗಳ ಮಳೆಯಲ್ಲಿ ಬರೆಯಲ್ಪಟ್ಟಿದೆ. ಗದ್ದೆಯ ನೇಜಿ ಮುಗಿದು, ಕಣಜ ಬರಿದಾಗಿ, ಎಡೆಬಿಡದ ಮಳೆಗೆ ಹಟ್ಟಿಯ ನೆಲ ಕೆಸರಾಗಿ, ಮನುಷ್ಯರಿಗೂ ಜಾನುವಾರುಗಳಿಗೂ ಒಟ್ಟೊಟ್ಟಿಗೆ ಬೇನೆ ತಗಲುವ ಆ ತಿಂಗಳಲ್ಲಿ, ನಲಿಕೆಯವರು ಎಳೆಯ ತೆಂಗಿನ ತಿರಿಯನ್ನುಟ್ಟು, ಮುಖಕ್ಕೆ ಬಣ್ಣ ಬರೆದು, ಓಲೆಯ ಕೊಡೆ ಹಿಡಿದು, ತೆಂಬರೆಯ ನಾದದೊಡನೆ ಆಟಿ ಕಳೆಂಜನಾಗಿ ಮನೆಯಿಂದ ಮನೆಗೆ ಬರುತ್ತಾರೆ. ಮನೆಯವರು ಅಕ್ಕಿ, ಅರಸಿನ, ಉಪ್ಪು, ಹುಳಿ, ಮಸಿಕೆಂಡ ಮೊದಲಾದವುಗಳನ್ನು ಕೊಡುತ್ತಾರೆ. ಕಳೆಂಜನು ಮನೆಗೆ, ಬೆಳೆಗೆ, ಹಟ್ಟಿಗೆ ತಗಲಿದ ಮಾರಿಯನ್ನು ಕಳೆದು ಹೋಗುತ್ತಾನೆ. ಈ ಆಚಾರವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗಿನ ವಿಚಾರವನ್ನು ಬಿಡಿಸಿನೋಡಿದವರಿಗೆ ಒಂದು ಸಂಗತಿ ಗೋಚರಿಸದಿರದು. ಮನುಷ್ಯನ ಬೇನೆಯನ್ನೂ ಹಸುವಿನ ಬೇನೆಯನ್ನೂ ಪೈರಿನ ಬೇನೆಯನ್ನೂ ಅದು ಒಂದೇ ಹೆಸರಿನಿಂದ ಕರೆಯಿತು. ರೋಗಕ್ಕೆ ಗಡಿಯುಂಟೆಂದೂ ಅದನ್ನು ಗಡಿಯಾಚೆಗೆ ಕಳುಹಬೇಕೆಂದೂ ಬಗೆಯಿತು. ಆ ಕಾರ್ಯಕ್ಕೆ ಪ್ರತಿಯೊಂದು ಮನೆಯೂ ತನ್ನ ಪಾಲಿನ ಸೇರಕ್ಕಿಯನ್ನು ಸಲ್ಲಿಸಬೇಕೆಂದು ವಿಧಿಸಿತು. ಎಲ್ಲಕ್ಕೂ ಮಿಗಿಲಾಗಿ, ಭಯಗೊಂಡ ಮನಸ್ಸಿಗೆ ಇನ್ನು ಹೋಯಿತೆಂಬ ಸಮಾಧಾನವನ್ನು ಕೊಟ್ಟಿತು. ಆಡಳಿತ, ಕಟ್ಟಳೆ, ಪಶುವೈದ್ಯ, ಮನಶ್ಶಾಸ್ತ್ರ ಎಂದು ಇಂದಿನ ವಿದ್ವಾಂಸರು ನಾಲ್ಕು ಕೋಣೆಗಳಲ್ಲಿಟ್ಟು ಅಭ್ಯಸಿಸುವುದನ್ನು ಆ ಕಾಲದ ಗ್ರಾಮವು ಒಂದೇ ಅಂಗಳದಲ್ಲಿಟ್ಟುಕೊಂಡಿತ್ತು. ಅದಕ್ಕೆ ಇಲ್ಲದಿದ್ದುದು ಒಂದೇ: ರೋಗವನ್ನು ನಿಜವಾಗಿ ನಿಲ್ಲಿಸಬಲ್ಲ ಮದ್ದು.

ಕಾಲುಬಾಯಿ ಜ್ವರ, ಚಪ್ಪೆರೋಗ, ಗಳಲೆರೋಗ, ನೆರಡಿ ಎಂದು ನಮ್ಮ ರೈತರು ಹೆಸರಿಟ್ಟು ಗುರುತಿಸಿದ ಬೇನೆಗಳಲ್ಲಿ ಅತ್ಯಂತ ಘೋರವಾದುದಕ್ಕೆ ಬರಿಯ ‘ದೊಡ್ಡರೋಗ’ವೆಂದೇ ಹೆಸರು. ಜ್ವರವೇರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಕೆಲವೇ ದಿನಗಳಲ್ಲಿ ಹಟ್ಟಿಯನ್ನು ಬರಿದುಮಾಡುತ್ತಿದ್ದ ಈ ರೋಗಕ್ಕೆ ಹೊರನಾಡಿನಲ್ಲಿ ರಿಂಡರ್‌ಪೆಸ್ಟ್ ಎಂಬ ಹೆಸರು. ಉಳುವ ಕೋಣವಳಿದರೆ ಉಳುಮೆಯಿಲ್ಲ, ಉಳುಮೆಯಿಲ್ಲದೆ ಗೇಣಿಯಿಲ್ಲ, ಗೇಣಿಯಿಲ್ಲದೆ ತೀರ್ವೆಯಿಲ್ಲ. ಆದುದರಿಂದ ಹಟ್ಟಿಯ ದುಃಖವು ಸರಕಾರದ ಬೊಕ್ಕಸದ ದುಃಖವಾಗಲು ಬಹಳ ಕಾಲ ಹಿಡಿಯಲಿಲ್ಲ. 1865ರಿಂದ ಇಂಗ್ಲೆಂಡಿನಲ್ಲಿಯೇ ಈ ಮಾರಿಯು ಹಬ್ಬಿ ಆಳುವವರ ಕಣ್ಣು ತೆರೆಸಿದ ಬೆನ್ನಿಗೆ, ದಕ್ಷಿಣ ಕನ್ನಡವನ್ನು ಒಳಗೊಂಡಿದ್ದ ಮದರಾಸು ಪ್ರಾಂತವು 1866ರಲ್ಲಿ ಜಾನುವಾರು ರೋಗಗಳನ್ನು ಕುರಿತ ಶಾಸನವೊಂದನ್ನು ಮಾಡಿತು. ಮಂಗಳೂರಿಗೆ ಪುರಸಭೆಯು ಬಂದುದೂ ಅದೇ ವರ್ಷ. ತರುವಾಯ ಜೆ. ಎಚ್. ಬಿ. ಹ್ಯಾಲನ್ ಅವರ ನೇತೃತ್ವದ ಆಯೋಗವೊಂದು ಭಾರತದ ಪಶುಮಾರಿಗಳನ್ನು ಪರಿಶೀಲಿಸಿ 1871ರಲ್ಲಿ ತನ್ನ ವರದಿಯನ್ನೊಪ್ಪಿಸಿತು.

ಆದರೆ ಶಾಸನಕ್ಕೆ ಕೈಯಿದ್ದಿತೇ ಹೊರತು ಕಾಲಿರಲಿಲ್ಲ. ಇಂಗ್ಲೆಂಡಿನಲ್ಲಿ ರೋಗ ತಗಲಿದ ಹಟ್ಟಿಯ ದನಗಳನ್ನೆಲ್ಲ ಕೊಂದು ರೋಗವನ್ನು ಬೇರುಸಹಿತ ಕಿತ್ತ ಉಪಾಯವು, ಗೋವನ್ನು ತಾಯಿಯೆಂದು ಪೂಜಿಸುವ, ಮೈಸಂದಾಯನೆಂಬ ದೈವಕ್ಕೆ ತನ್ನ ಕೋಣಗಳ ರಕ್ಷಣೆಯನ್ನೊಪ್ಪಿಸಿರುವ ನಾಡಿನಲ್ಲಿ ಆಚರಣೆಗೆ ಬರುವಂತಿರಲಿಲ್ಲ. ರೋಗವನ್ನು ವರದಿಮಾಡೆಂದು ಕಟ್ಟಳೆಯು ಹೇಳುತ್ತದೆ. ವರದಿಮಾಡಿದರೆ ನನ್ನ ದನದ ಗತಿಯೇನೆಂದು ಒಕ್ಕಲಿಗನು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಿಲ್ಲದಾಗ ಅವನು ಬೇನೆಯ ಹಸುವನ್ನು ಹಟ್ಟಿಯ ಕತ್ತಲೆಗೆ ಕಟ್ಟಿ ಮೌನಿಯಾಗುತ್ತಾನೆ. ಈ ಮೌನವು ಅಜ್ಞಾನದಿಂದಲ್ಲ, ಅನುಭವದಿಂದ ಹುಟ್ಟಿದುದು. ಮನಸ್ಸನ್ನು ಗೆಲ್ಲದ ಶಾಸನವು ರೋಗವನ್ನು ಅಡಗಿಸಲಿಲ್ಲ, ರೋಗದ ವಾರ್ತೆಯನ್ನು ಮಾತ್ರ ಅಡಗಿಸಿತೆಂಬುದು ಆ ಕಾಲದ ಪಾಠ.

ಮದ್ದು ದೊರೆತುದು ನಿಧಾನವಾಗಿ. 1889ರಲ್ಲಿ ಪುಣೆಯಲ್ಲಿ ಪ್ರಾರಂಭವಾದ ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಶಾಲೆಯು, ಉಗ್ರ ರೋಗಾಣುಗಳೊಡನೆ ಕೆಲಸಮಾಡಲು ಜನವಸತಿಯಿಂದ ದೂರವಿರುವ ಎಡೆ ಬೇಕೆಂದು, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರಗೊಂಡಿತು. ಆಲ್‌ಫ್ರೆಡ್ ಲಿಂಗಾರ್ಡ್ ಅದರ ಮೊದಲ ಮುಖ್ಯಸ್ಥರು. ಅಲ್ಲಿಯೇ ಜೆ. ಟಿ. ಎಡ್ವರ್ಡ್ಸ್ ಎಂಬ ವಿಜ್ಞಾನಿಯು ದೊಡ್ಡರೋಗದ ವಿಷಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಅದರ ಉಗ್ರತೆಯನ್ನು ಕುಗ್ಗಿಸಿ, 1927ರ ವೇಳೆಗೆ ದನಗಳಿಗೆ ಚುಚ್ಚಬಹುದಾದ ಲಸಿಕೆಯನ್ನು ಸಿದ್ಧಪಡಿಸಿದನು. ಇತ್ತ ಮೈಸೂರು ಸಂಸ್ಥಾನವೂ ಕೈಕಟ್ಟಿ ಕುಳಿತಿರಲಿಲ್ಲ. 1925ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಸೂರು ಸೀರಂ ಸಂಸ್ಥೆಯು ಇದೇ ರೋಗವನ್ನು ತಡೆವ ಉದ್ದೇಶದಿಂದ ಹುಟ್ಟಿ, ಹೆಬ್ಬಾಳದಲ್ಲಿ ಇಂದಿಗೂ ಪಶು ಆರೋಗ್ಯದ ಸಂಸ್ಥೆಯಾಗಿ ನಡೆಯುತ್ತಿದೆ.

ಇಲ್ಲಿ ಕಾಲದ ಒಂದು ಸೊಗಸಾದ ಸಾಮೀಪ್ಯವನ್ನು ಸ್ಮರಿಸದೆ ಮುಂದುವರಿಯಲಾರೆ. ಸೀರಂ ಸಂಸ್ಥೆಯು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1924ರಲ್ಲಿ, ಲಂಡನಿನಲ್ಲಿ ವ್ಯಾಸಂಗ ಮಾಡಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ತೆರೆದಿದ್ದರು. ಹೀಗೆ ಒಂದೇ ಸಂಸ್ಥಾನದಲ್ಲಿ, ಒಂದೇ ದಶಕದಲ್ಲಿ, ಪಶುವಿನ ರಕ್ತವನ್ನು ಪರೀಕ್ಷಿಸುವ ಶಾಲೆಯೂ ಮನುಷ್ಯನ ಮನಸ್ಸನ್ನು ಪರೀಕ್ಷಿಸುವ ಶಾಲೆಯೂ ಉದಯಿಸಿದವು. ಎರಡೂ ತಮ್ಮ ತಮ್ಮ ಹಾದಿಯಲ್ಲಿ ಹಿರಿದಾಗಿ ಬೆಳೆದವು. ಹಟ್ಟಿಯ ಬಾಗಿಲಲ್ಲಿ ಲಸಿಕೆಯ ಸೂಜಿ ಹಿಡಿದು ನಿಂತವನಿಗಾದರೋ ಈ ಎರಡು ವಿದ್ಯೆಗಳೂ ಒಟ್ಟಿಗೆ ಬೇಕಾಗಿದ್ದವು. ಗಬ್ಬದ ಹಸುವಿಗೆ ಚುಚ್ಚಿದರೆ ಕರು ಹೋದೀತೆಂದು, ಹಾಲು ಇಂಗೀತೆಂದು ಅಂಜುವ ಮನೆಯಾಕೆಯ ಮಾತಿಗೆ ಕಿವಿಗೊಟ್ಟು, ಅವಳ ಒಪ್ಪಿಗೆ ಪಡೆದು, ಮರುವಾರ ಮತ್ತೆ ಬಂದು ಹಸುವನ್ನು ಕಂಡುಹೋದವನೇ ನಿಜವಾಗಿ ಈ ಯುದ್ಧವನ್ನು ಗೆದ್ದವನು. 1954ರಲ್ಲಿ ದೊಡ್ಡರೋಗದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಮೊದಲ್ಗೊಂಡಿತು. 1995ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡುದೇ ಭಾರತದ ಕಟ್ಟಕಡೆಯ ಪ್ರಕರಣ. 2006ರಲ್ಲಿ ದೇಶವು ರೋಗಮುಕ್ತವೆಂದು ಮನ್ನಣೆ ಪಡೆಯಿತು. 2011ರಲ್ಲಿ ಭೂಮಂಡಲದಿಂದಲೇ ದೊಡ್ಡರೋಗವು ಅಳಿದುದೆಂದು ಘೋಷಿತವಾಯಿತು. ಮನುಷ್ಯಕುಲವು ಸಿಡುಬಿನ ತರುವಾಯ ಪೂರ್ಣವಾಗಿ ನೀಗಿಕೊಂಡ ಎರಡನೆಯ ವ್ಯಾಧಿಯಿದು.

ಇಷ್ಟಕ್ಕೇ ಚರಿತ್ರೆ ಮುಗಿದಿದ್ದರೆ ವಿಜಯದ ಕಥೆಯಾಗುತ್ತಿತ್ತು. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೆಂಪುಮೋರೆಯ ಕೋತಿಗಳೂ ಸತ್ತುಬಿದ್ದು, ಕಾಡಿಗೆ ಹೋಗಿಬಂದ ಜನರು ತೀವ್ರ ಜ್ವರದಿಂದ ನರಳಿದಾಗ, ಹೊಸದೊಂದು ಅಧ್ಯಾಯ ತೆರೆಯಿತು. ಜನರು ಅದನ್ನು ಮಂಗನ ಕಾಯಿಲೆಯೆಂದರು. ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್‌ಫರ್ಡ್ ವರ್ಕ್ ಮೊದಲಾದವರು ಬಂದು, ಹೊಸ ವಿಷಾಣುವೊಂದನ್ನು ಗುರುತಿಸಿ, ಅದನ್ನು ಹರಡುವುದು ಉಣುಗು ಎಂದು ತೋರಿಸಿಕೊಟ್ಟರು. ಈ ವಿಷಾಣುವಿನಿಂದ ದನಗಳಿಗೆ ಬೇನೆಯಿಲ್ಲ. ಆದರೆ ಬಲಿತ ಉಣುಗುಗಳಿಗೆ ಆಹಾರವೀಯುವವು ಕಾಡಿಗೆ ಮೇಯಲು ಹೋಗುವ ದನಗಳೇ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ನೆಲವನ್ನು ವಿಷದ ಬೀಡಾಗಿಸುತ್ತವೆ. ಸೊಪ್ಪು ಸೌದೆಗೆಂದು ಬಂದ ಬಡವನು ಅದನ್ನು ತುಳಿಯುತ್ತಾನೆ. ಕಾಡು, ದನ, ಮಂಗ, ಮನುಷ್ಯ ಎಂಬ ನಾಲ್ವರನ್ನೂ ಒಂದೇ ದಾರದಲ್ಲಿ ಪೋಣಿಸಿದ ಈ ರೋಗದ ಎದುರು, ಒಂದೊಂದೇ ಶಾಸ್ತ್ರವು ಒಂಟಿಯಾಗಿ ನಿಂತು ಸೋಲುವುದು ಸಹಜವಾಗಿತ್ತು.

ಸೈಬೀರಿಯದ ಉಣುಗುಜ್ವರದ ವಿಷಾಣುವಿಗೂ ಇದಕ್ಕೂ ಬಂಧುತ್ವವಿದ್ದುದರಿಂದ, ವಲಸೆಯ ಹಕ್ಕಿಗಳೇ ಇದನ್ನು ಹೊತ್ತು ತಂದಿರಬಹುದೆಂಬ ಶಂಕೆ ಮೂಡಿ, ಸಲೀಂ ಅಲಿಯವರ ನೇತೃತ್ವದಲ್ಲಿ ಬೊಂಬಾಯಿಯ ನಿಸರ್ಗಚರಿತ್ರೆಯ ಸಂಘವು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹಾದಿಯನ್ನು ಅಭ್ಯಸಿಸತೊಡಗಿತು. ಈ ಕಾರ್ಯಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತರೆ, ಅನಂತರ ಅಮೆರಿಕದ ಸೇನೆಯ ಸಂಶೋಧನ ವಿಭಾಗದ ಹಣವೂ ಸೇರಿತು. ರೋಗಾಣುವಿನ ಅಧ್ಯಯನಕ್ಕೆ ಪರದೇಶದ ಸೇನೆಯೇಕೆ ಹಣ ಕೊಡಬೇಕೆಂಬ ಪ್ರಶ್ನೆಯು ಸಂಸತ್ತಿನ ಮೆಟ್ಟಿಲನ್ನೇರಿ, ವಿದೇಶೀ ಸಹಯೋಗದ ಸಂಶೋಧನೆಗಳನ್ನು ಕುರಿತು ಸಾರ್ವಜನಿಕ ಲೆಕ್ಕಪತ್ರ ಸಮಿತಿಯು 1975ರಲ್ಲಿ ನಿಷ್ಠುರವಾದ ವರದಿಯನ್ನು ನೀಡಿತು. ಸೊರಬದ ಕಾಡಿನ ಒಂದು ಉಣುಗಿನಿಂದ ಹೊರಟ ಎಳೆಯು ದೆಹಲಿಯ ಸಂಸತ್ತಿನ ತನಕ ಚಾಚಿದ ಈ ಪ್ರಸಂಗವು, ವಿದ್ಯೆಯು ಯಾರ ಹಣದಿಂದ, ಯಾರ ಸಮ್ಮತಿಯಿಂದ ನಡೆಯುತ್ತದೆಂಬುದೂ ವಿದ್ಯೆಯ ಭಾಗವೇ ಎಂಬುದನ್ನು ನಮಗೆ ಕಲಿಸಿತು.

ಅದಾದ ಕೆಲವೇ ವರ್ಷಗಳಲ್ಲಿ ಮಾರಿಯು ನಮ್ಮ ಜಿಲ್ಲೆಯ ಗಡಿಯನ್ನೇ ದಾಟಿತು. ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆಯ ಆಸುಪಾಸಿನಲ್ಲಿ ಗೇರುತೋಟಕ್ಕಾಗಿ ಕಾಡನ್ನು ಕಡಿದ ತರುವಾಯ, 1982ರ ಕೊನೆಯಲ್ಲಿ ಅಲ್ಲಿ ಮಂಗಗಳು ಸಾಯತೊಡಗಿ, ಮುಂದಿನ ತಿಂಗಳುಗಳಲ್ಲಿ ಬಹುಸಂಖ್ಯೆಯ ಜನರು ರೋಗಕ್ಕೀಡಾದರು, ಅನೇಕರು ಪ್ರಾಣ ತೆತ್ತರು. ಈ ಸೀಮೆಯಲ್ಲಿದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಪ್ರಕಟಿಸಿದ ಪ್ರಬಂಧವು ಇದನ್ನು ‘ಅಭಿವೃದ್ಧಿಯ ವ್ಯಾಧಿ’ಯೆಂದು ಹೆಸರಿಸಿತು. ಕಾಡು ಕಡಿದುದಕ್ಕೆ ದೈವವು ಮುನಿದಿದೆಯೆಂದು ಊರವರು ಆಡಿದ ಮಾತನ್ನೂ, ಕಾಡು ಕಡಿದುದರಿಂದ ಉಣುಗು ಜನರ ಸಮೀಪಕ್ಕೆ ಬಂದಿತೆಂದು ವಿಜ್ಞಾನಿಗಳು ಆಡಿದ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವಾಗ ನನ್ನ ಮನಸ್ಸು ಗಂಭೀರವಾಗುತ್ತದೆ. ಕಾರಣದ ಹೆಸರು ಬೇರೆಯಾದರೂ, ಅಪರಾಧದ ಗುರುತು ಎರಡರಲ್ಲಿಯೂ ಒಂದೇ: ಮೀರಬಾರದ ಎಲ್ಲೆಯೊಂದನ್ನು ಯಾರೋ ಮೀರಿದ್ದಾರೆ, ಅದರ ದಂಡವನ್ನು ಮೀರಿದವನಲ್ಲ, ಸೌದೆಗೆ ಹೋದ ಬಡವನು ತೆರುತ್ತಿದ್ದಾನೆ.

ನಮ್ಮ ಸಂವಿಧಾನವು ಪಶುವ್ಯಾಧಿಗಳ ನಿವಾರಣೆಯನ್ನು ರಾಜ್ಯಪಟ್ಟಿಯ 15ನೆಯ ವಿಷಯವಾಗಿಯೂ, ಮನುಷ್ಯ, ಪ್ರಾಣಿ, ಸಸ್ಯಗಳ ಸೋಂಕು ರಾಜ್ಯದಿಂದ ರಾಜ್ಯಕ್ಕೆ ಹಬ್ಬದಂತೆ ತಡೆವ ಹೊಣೆಯನ್ನು ಸಮವರ್ತಿಪಟ್ಟಿಯ 29ನೆಯ ವಿಷಯವಾಗಿಯೂ ಇರಿಸಿದೆ. ಮನುಷ್ಯ, ಪ್ರಾಣಿ, ಸಸ್ಯ ಎಂಬ ಮೂರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದ ಆ ಬರಹವನ್ನು ಓದುವಾಗ, ಆಟಿಯ ಅಂಗಳದಲ್ಲಿ ಮೂರಕ್ಕೂ ಒಂದೇ ಮಾರಿಯನ್ನು ಕಂಡ ತುಳುವರ ನೆನಪು ಬಾರದಿರದು. 1993ರಲ್ಲಿ ಜಾರಿಗೆ ಬಂದ ಎಪ್ಪತ್ತಮೂರನೆಯ ತಿದ್ದುಪಡಿಯು ಪಶುಸಂಗೋಪನೆಯನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಎಣಿಸಿತು. 2009ರಲ್ಲಿ ಪ್ರಾಣಿಗಳ ಸೋಂಕುರೋಗಗಳನ್ನು ಕುರಿತ ಕೇಂದ್ರ ಶಾಸನವು ಬಂದು, ಬೇನೆಯ ವಾರ್ತೆಯನ್ನು ತಿಳಿಸುವ ಹೊಣೆಯನ್ನು ಮತ್ತೆ ದನದ ಒಡೆಯನಿಗೂ ಗ್ರಾಮಕ್ಕೂ ವಹಿಸಿತು. ಮದರಾಸಿನ ಹಳೆಯ ಶಾಸನದ ಕಾಲದಲ್ಲಿ ಉತ್ತರವಿಲ್ಲದೆ ಉಳಿದ ಪ್ರಶ್ನೆಯು, ಅಂದರೆ ವರದಿಮಾಡಿದವನಿಗೆ ಮುಂದೇನು ಎಂಬ ಪ್ರಶ್ನೆಯು, ಇಂದಿಗೂ ಆ ಹಟ್ಟಿಯ ಬಾಗಿಲಲ್ಲಿಯೇ ನಿಂತಿದೆ.

ಕಣಜದಲ್ಲಿ ಬತ್ತ, ಉದ್ದು, ಹುರುಳಿಗಳಿಗೆ ಬೇರೆ ಬೇರೆ ಮುಡಿ ಕಟ್ಟಿಡುವುದು ಯುಕ್ತವೇ. ವಿದ್ವಾಂಸರು ತಮ್ಮ ಶಾಸ್ತ್ರಗಳನ್ನು ಬೇರೆ ಬೇರೆಯಾಗಿ ಕೂಡಿಟ್ಟುದೂ ಅಂತೆಯೇ ಯುಕ್ತ. ಆದರೆ ಹಸಿದವನಿಗೆ ಬಡಿಸುವ ಹೊತ್ತಿನಲ್ಲಿ ಮುಡಿಗಳನ್ನು ಬಿಚ್ಚಲೇಬೇಕು. ಮುಂದಿನ ಬೇಸಗೆಯಲ್ಲಿ ಘಟ್ಟದ ತಪ್ಪಲಿನ ಯಾವುದೋ ಹಳ್ಳಿಯಲ್ಲಿ, ಕಾಡಿನಿಂದ ಮರಳಿದ ದನಗಾಹಿಯೊಬ್ಬನು ಅಲ್ಲೊಂದು ಮಂಗ ಸತ್ತುಬಿದ್ದಿದೆಯೆಂದು ಅಂಜುತ್ತ ಹೇಳಿಯಾನು. ಆ ಒಂದು ಮಾತನ್ನು ಪಶುವೈದ್ಯನು ಕೇಳಬೇಕು, ಮನುಷ್ಯವೈದ್ಯನು ಕೇಳಬೇಕು, ಕಾಡಿನ ಅಧಿಕಾರಿಯು ಕೇಳಬೇಕು. ಹೇಳಿದವನಿಗೆ ಹೇಳಿದುದಕ್ಕಾಗಿ ಕೇಡಾಗದೆಂಬ ಅಭಯವನ್ನು ಆಳುವವರು ಕೊಡಬೇಕು. ಅವನ ಮಾತು ಅಂಜಿಕೆಯಿಲ್ಲದೆ ಕೊಟ್ಟಾರದ ಬಾಗಿಲಿಗೆ ಬಂದು ಸೇರಿದ ದಿನ, ಆ ಹೆಸರಿನ ಪಕ್ಕದಲ್ಲಿರುವ ಚೌಕಿಯೆಂಬ ಮಾತೂ ಸಾರ್ಥಕವಾದೀತು.