ಬಂದೂಕಿನ ದಫ್ತರ

ಯಾರ ಮನೆಯಲ್ಲಿ ಬಂದೂಕಿದೆ ಎಂಬುದು ಚಿಟಗುಪ್ಪದಂಥ ಊರಿನಲ್ಲಿ ಪೂರ್ತಿ ಗುಟ್ಟಾಗಿ ಉಳಿಯುವುದಿಲ್ಲ. ಚುನಾವಣೆ ಬಂತೆಂದರೆ ಲೈಸೆನ್ಸುದಾರರು ತಮ್ಮ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾರೆ. ಬಟ್ಟೆ ಸುತ್ತಿದ ಉದ್ದನೆಯ ವಸ್ತು ಹಿಡಿದು ಹಾಡಹಗಲೇ ಠಾಣೆಯ ಮೆಟ್ಟಿಲೇರುವವರನ್ನು ಚಹಾದಂಗಡಿಯಲ್ಲಿ ಕೂತವರು ನೋಡದೆ ಇರುತ್ತಾರೆಯೇ? ಆದರೆ ಹೀಗೆ ಕಂಡು ತಿಳಿಯುವುದು ಒಂದು. ಇಡೀ ಜಿಲ್ಲೆಯ ಲೈಸೆನ್ಸುದಾರರ ಹೆಸರು, ವಿಳಾಸ ಕೇಳಿದವರಿಗೆಲ್ಲ ಸಿಗುವುದು ಇನ್ನೊಂದು. ಆ ಪಟ್ಟಿ ಮುಚ್ಚಿಯೇ ಇರಬೇಕೆಂದು ನಾನು ನಂಬುತ್ತೇನೆ. ಕಾರಣ ನಮ್ಮ ಸೀಮೆಯ ಇತಿಹಾಸದಲ್ಲಿದೆ.

ಬಂದೂಕಿಗೆ ಲೈಸೆನ್ಸು ಎಂಬ ಪದ್ಧತಿ ದೇಶದಲ್ಲಿ ಬಲವಾಗಿ ಬೇರೂರಿದ್ದು ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆಯಿಂದ. ಯುರೋಪಿಯನ್ನರಿಗೆ ಆಗ ವಿನಾಯಿತಿ ಇತ್ತು. ಕೊಡವರಿಗೂ ವಿನಾಯಿತಿ ಸಿಕ್ಕಿತು, ಇಂದಿಗೂ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಮನೆಯಲ್ಲಿ ಸಾವಾದರೆ ಗಾಳಿಯಲ್ಲಿ ಗುಂಡು. ಅಲ್ಲಿ ಕೋವಿ ಮುಚ್ಚಿಡುವ ವಸ್ತುವಲ್ಲ. ನಮ್ಮ ಕಡೆ ಬಂದೂಕಿನ ನೆನಪೇ ಬೇರೆ.

ನಿಜಾಮನ ಸೀಮೆಯಾಗಿದ್ದ ಬೀದರಿನಲ್ಲಿ 1948ರ ಹೊತ್ತಿಗೆ ರಜಾಕಾರರ ಕೈಯಲ್ಲಿ ಆಯುಧಗಳಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು, ಐದೇ ದಿನದಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಆಮೇಲೆ ಹಿಂಸೆ ಇನ್ನೊಂದು ಕಡೆ ತಿರುಗಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನರಳಿದ ಜಿಲ್ಲೆಗಳೆಂದು ಹೆಸರಿಸಿದ್ದರಲ್ಲಿ ಬೀದರ್ ಮತ್ತು ಗುಲ್ಬರ್ಗಾ ಇವೆ. ಮುಸ್ಲಿಮರಿಂದ ಆಯುಧ ಕಿತ್ತುಕೊಂಡ ಎಷ್ಟೋ ಕಡೆ ಹಿಂದೂಗಳ ಬಳಿ ಇದ್ದ ಆಯುಧಗಳನ್ನು ಹಾಗೇ ಬಿಡಲಾಯಿತು ಎಂದೂ ಸಮಿತಿ ಬರೆಯಿತು. ಆ ವರದಿಯನ್ನೇ ದಶಕಗಳ ಕಾಲ ಜನರ ಕಣ್ಣಿಗೆ ಬೀಳದಂತೆ ಇಡಲಾಯಿತು. ಬಚ್ಚಿಡಬಾರದ ಕಾಗದ ಅದು.

ಎರಡೂ ಘಟನೆಗಳನ್ನು ಒಟ್ಟಿಗಿಟ್ಟು ಓದಿದಾಗ ನನಗೆ ಹೊಳೆಯುವುದು ಇಷ್ಟು: ಬಂದೂಕಿರುವ ಮನೆಗಳ ಪಟ್ಟಿ ಹೊರಬಿದ್ದರೆ ಬಂದೂಕಿಲ್ಲದ ಮನೆಗಳ ಪಟ್ಟಿಯೂ ಅದರ ಜೊತೆಗೇ ಹೊರಬೀಳುತ್ತದೆ. ಕಳ್ಳನಿಗೆ ಮೊದಲನೆಯದು ಬೇಕು. ದೊಂಬಿಗೆ ಹೊರಟವನಿಗೆ ಎರಡನೆಯದು.

ಅಮೆರಿಕದಲ್ಲಿ ಇದು ನಿಜವಾಗಿಯೂ ಚರ್ಚೆಗೆ ಬಂದಿತ್ತು. ಸ್ಯಾಂಡಿ ಹುಕ್ ಶಾಲೆಯ ಮಕ್ಕಳ ಹತ್ಯೆಯಾದ ಕೆಲವೇ ದಿನಗಳಲ್ಲಿ, 2012ರ ಡಿಸೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ 'ದಿ ಜರ್ನಲ್ ನ್ಯೂಸ್' ಪತ್ರಿಕೆ ಎರಡು ಕೌಂಟಿಗಳ ಪಿಸ್ತೂಲು ಪರವಾನಗಿದಾರರ ಹೆಸರು, ವಿಳಾಸಗಳನ್ನು ನಕಾಶೆಯಲ್ಲಿ ಪ್ರಕಟಿಸಿತು. ಗದ್ದಲವೆದ್ದಿತು. ಮರು ತಿಂಗಳೇ ಆ ರಾಜ್ಯದ ಹೊಸ ಕಾನೂನು ಪರವಾನಗಿದಾರರಿಗೆ ತಮ್ಮ ವಿವರ ಗುಟ್ಟಾಗಿಡುವಂತೆ ಕೋರುವ ಹಕ್ಕು ಕೊಟ್ಟಿತು. ಪತ್ರಿಕೆ ನಕಾಶೆಯನ್ನು ತೆಗೆಯಿತು.

ಪಟ್ಟಿ ಬಹಿರಂಗವಾದರೆ ಕೊಲೆ ತಗ್ಗುತ್ತದೆ ಎನ್ನುವವರಿದ್ದಾರೆ. ಎಂ. ಎಂ. ಕಲಬುರ್ಗಿ, ಗೌರಿ ಲಂಕೇಶ್ ಇಬ್ಬರನ್ನೂ ಕೊಂದದ್ದು ಕಳ್ಳ ಮಾರ್ಗದ ದೇಶಿ ಪಿಸ್ತೂಲು. ಯಾವ ಜಿಲ್ಲಾಧಿಕಾರಿಯ ದಫ್ತರದಲ್ಲೂ ಅದರ ನಂಬರು ಸಿಗುವುದಿಲ್ಲ.

ಹಾಗೆಂದು ಕಚೇರಿಯ ಬಾಗಿಲು ಪೂರ್ತಿ ಮುಚ್ಚುವುದೂ ನನಗೆ ಒಪ್ಪಿಗೆಯಿಲ್ಲ. 1959ರ ಕಾಯ್ದೆಯಲ್ಲಿ ಅರ್ಜಿ ತಿರಸ್ಕರಿಸಿದ ಅಧಿಕಾರಿ ಕಾರಣ ಬರೆದಿಡಬೇಕು, ಆದರೆ ಸಾರ್ವಜನಿಕ ಹಿತದ ಮಾತು ಹೇಳಿ ಅದನ್ನು ಅರ್ಜಿದಾರನಿಗೂ ಕೊಡದಿರಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಒಬ್ಬರ ಜೀವಕ್ಕೆ ಅಪಾಯ ತರುವ ಮಾಹಿತಿಯನ್ನು ಮೊದಲಿಂದಲೂ ತಡೆಯುತ್ತಿತ್ತು, ಅಷ್ಟು ಸಾಕಿತ್ತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ವೈಯಕ್ತಿಕ ಎನಿಸಿದ್ದಕ್ಕೆಲ್ಲ ಪರದೆ ಎಳೆದಿದೆ. ದೊಡ್ಡ ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂಬ 8(2)ನೇ ಕಲಮು ಮಾತ್ರ ಇನ್ನೂ ಉಳಿದಿದೆ.

ಅದನ್ನು ಹಿಡಿದು ಕೇಳಬಹುದಾದ ಪ್ರಶ್ನೆಗಳಿವೆ. ನಮ್ಮ ತಾಲ್ಲೂಕಿನಲ್ಲಿ ಲೈಸೆನ್ಸು ಎಷ್ಟು? ಎಷ್ಟು ಬೆಳೆ ರಕ್ಷಣೆಗೆ, ಎಷ್ಟು ಜೀವ ರಕ್ಷಣೆಗೆ? ಕ್ರಿಮಿನಲ್ ಕೇಸು ಇದ್ದೂ ಲೈಸೆನ್ಸು ನವೀಕರಣವಾದದ್ದು ಎಷ್ಟು, ಯಾರ ಸಹಿಯಿಂದ? ಬಂದೂಕು ಇಟ್ಟುಕೊಂಡವರ ಹೆಸರು ಹೇಳದೆಯೇ ಕಚೇರಿ ಇವಕ್ಕೆ ಉತ್ತರ ಕೊಡಬಹುದು.